ಇಬ್ಬರು ಕೇಳಿದರೆ ತರೋಣ

ನಮ್ಮ ಅಂಗಡಿಯ ಬೋರ್ಡು ಬರೆಯಲು ಬಂದ ಪೇಂಟರ್ ಅಕ್ಷರಕ್ಕೆ ಮೂರು ರೂಪಾಯಿ ಕೇಳಿದ. 1986ರ ಆಗಸ್ಟ್ ತಿಂಗಳ ಕೊನೆ. ಅದೇ ತಿಂಗಳ 15ರಂದು ಸರ್ಕಾರ ಬೆಂಗಳೂರು ಜಿಲ್ಲೆಯನ್ನು ಒಡೆದು ನಮ್ಮ ದೊಡ್ಡಬಳ್ಳಾಪುರವನ್ನು ಬೆಂಗಳೂರು ಗ್ರಾಮಾಂತರಕ್ಕೆ ಸೇರಿಸಿತ್ತು. ಬೋರ್ಡಿನ ಕೆಳಗೆ ಬರೀ ಬೆಂಗಳೂರು ಜಿಲ್ಲೆ ಎಂದು ಬರೆಸುವುದೋ, ಗ್ರಾಮಾಂತರ ಸೇರಿಸುವುದೋ ಎಂದು ನಾನು ನಿಂತು ಯೋಚಿಸಿದೆ. ಪೇಂಟರ್ ಬೆರಳು ಮಡಿಚಿ ‘ಗ್ರಾ, ಮಾಂ, ತ, ರ’ ಎಂದು ಎಣಿಸಿ ‘ಹನ್ನೆರಡು ರೂಪಾಯಿ ಜಾಸ್ತಿ ಆಯ್ತದೆ ಅಣ್ಣ’ ಎಂದ. ಆಗ ಒಂದು ಕ್ಯಾಸೆಟ್ಟಿನ ದಿನದ ಬಾಡಿಗೆ ಹತ್ತು ರೂಪಾಯಿ. ಹೊಸ ಜಿಲ್ಲೆಯ ಮೇಲಿನ ಗೌರವಕ್ಕೆ ಒಂದು ದಿನದ ಬಾಡಿಗೆಗಿಂತ ಹೆಚ್ಚು ಕೊಡಲು ಮನಸ್ಸು ಬರಲಿಲ್ಲ. ಜಿಲ್ಲೆಯನ್ನೇ ಕೈಬಿಟ್ಟು ವಿಡಿಯೋ ಲೈಬ್ರರಿ, ದೊಡ್ಡಬಳ್ಳಾಪುರ ಎಂದಷ್ಟೇ ಬರೆಸಿದೆ.

ವಿಡಿಯೋ ಲೈಬ್ರರಿ ಅಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಪ್ಪು ಪ್ಲಾಸ್ಟಿಕ್ಕಿನ ವಿಎಚ್‌ಎಸ್ ಕ್ಯಾಸೆಟ್ಟು, ಒಳಗೆ ಮೂರು ಗಂಟೆಯ ಟೇಪು. ಮನೆಯಲ್ಲಿ ಅದನ್ನು ಓಡಿಸುವ ವಿಸಿಪಿ ಇದ್ದವರು ಕ್ಯಾಸೆಟ್ಟು ಮಾತ್ರ ಒಯ್ಯುತ್ತಿದ್ದರು. ಇಲ್ಲದವರಿಗೆ ವಿಸಿಪಿ, ಬಣ್ಣದ ಟಿವಿ, ಮೂರು ಕ್ಯಾಸೆಟ್ಟು ಸೇರಿ ರಾತ್ರಿಗೆ ನೂರೈವತ್ತು ರೂಪಾಯಿ. ಜೊತೆಗೆ ನಮ್ಮ ಹುಡುಗನೊಬ್ಬ ಹೋಗಿ ತಂತಿ ಸಿಕ್ಕಿಸಿ, ಬೆಳಗಿನ ತನಕ ಅವರ ನಡುಮನೆಯ ಗೋಡೆಗೊರಗಿ ತೂಕಡಿಸುತ್ತಿದ್ದ. ರಿವೈಂಡ್ ಮಾಡದೆ ವಾಪಸು ತಂದರೆ ಐವತ್ತು ಪೈಸೆ ದಂಡ. ಆ ಐವತ್ತು ಪೈಸೆಗಾಗಿ ಊರ ಹಿರಿಯರೊಬ್ಬರ ಜೊತೆ ಅರ್ಧ ಗಂಟೆ ವಾದ ಮಾಡಿ ಗೆದ್ದು, ಮನೆಗೆ ಹೋಗಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅಂಗಡಿಯೊಳಗೆ ಯಾವಾಗಲೂ ಹೆಡ್ ಒರೆಸುವ ಸ್ಪಿರಿಟ್ಟಿನ ವಾಸನೆ. ಅದರ ಮೇಲೆ ಬೆಳಗ್ಗೆ ಹಾಕಿದ ಸಾಂಬ್ರಾಣಿ, ಹಿಂದಿನ ಬೀದಿಯ ಮಗ್ಗಗಳಿಂದ ಬರುತ್ತಿದ್ದ ಎಣ್ಣೆ, ಗಂಜಿ ನೂಲಿನ ಕಮಟು.

ಬಂಡವಾಳ, ಅಪ್ಪ ಒಂದು ಮಗ್ಗ ಮಾರಿ ಕೊಟ್ಟ ದುಡ್ಡು. ಲಾಳಿ ಸದ್ದಿನಲ್ಲೇ ಹುಟ್ಟಿ ಬೆಳೆದವನು ಸಿನಿಮಾ ಬಾಡಿಗೆಗೆ ಕೊಡುತ್ತೇನೆಂದಾಗ ಅಪ್ಪ ‘ಓಡೋ ಮಗ್ಗ ಮಾರಿ ಸುತ್ತೋ ಟೇಪು ತತ್ತೀಯಾ’ ಎಂದಿದ್ದರು. ಕ್ಯಾಸೆಟ್ಟು ಕೊಳ್ಳಲು ಬೆಂಗಳೂರಿನ ಗಾಂಧಿನಗರಕ್ಕೆ ಹೋಗಿಬರುವ ಬಸ್ ಚಾರ್ಜು ಏಳು ರೂಪಾಯಿ, ಒಂದು ಕ್ಯಾಸೆಟ್ಟಿಗೆ ನೂರೈವತ್ತರಿಂದ ನೂರೆಂಬತ್ತು. ಅವುಗಳ ಹಕ್ಕು ಯಾರದು, ಪ್ರತಿ ಮಾಡಿದವರು ಯಾರು ಎಂದು ಆ ಗಲ್ಲಿಗಳಲ್ಲಿ ಯಾರೂ ಜೋರಾಗಿ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಹೊನ್ನೆ ಮರದ ಹಳೆಯ ಕಪಾಟಿನಲ್ಲಿ ಇನ್ನೂರು ಕ್ಯಾಸೆಟ್ಟು ಹಿಡಿಯುತ್ತಿದ್ದವು. ಇನ್ನೂರ ಒಂದನೆಯದು ಬಂತೆಂದರೆ ಯಾವುದೋ ಒಂದನ್ನು ಹೊರಗೆ ಹಾಕಬೇಕು. ಯಾವುದನ್ನು ಎಂಬುದೇ ಆ ದಿನಗಳ ನನ್ನ ದೊಡ್ಡ ಚಿಂತೆ. ಹೆರಿಗೆ ವಾರ್ಡಿನ ಹೊರಗೆ ಕೂತು ಕೂಡ ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ ಎಂದು ನನ್ನ ಹೆಂಡತಿ ಇಂದಿಗೂ ಹಂಗಿಸುತ್ತಾಳೆ. ಸುಳ್ಳೇನಲ್ಲ.

ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಯಾರು ಏನು ಒಯ್ದರು ಎಂದು ಬರೆದಿಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಕೂಡಿಸಿ ನೋಡಿದರೆ, ಇನ್ನೂರರಲ್ಲಿ ನಿಜವಾಗಿ ದುಡಿಯುತ್ತಿದ್ದುದು ಹದಿನೈದೋ ಇಪ್ಪತ್ತೋ. ‘ಬಂಗಾರದ ಮನುಷ್ಯ’ ತೆರೆಕಂಡು ಹದಿನಾಲ್ಕು ವರ್ಷವಾಗಿತ್ತು, ಆದರೂ ಆ ಕ್ಯಾಸೆಟ್ಟು ಕಪಾಟಿನಲ್ಲಿ ಒಂದು ರಾತ್ರಿ ಮಲಗಿದ್ದು ಕಡಿಮೆ. 1987ರಲ್ಲಿ ‘ಪ್ರೇಮಲೋಕ’ ಬಂದ ಮೇಲಂತೂ ಅದರ ಮೂರು ಪ್ರತಿ ಇಟ್ಟರೂ ಸಾಲದೆ, ಟೇಪು ಸವೆದು ಪರದೆಯ ಮೇಲೆ ಮಳೆ ಬೀಳುತ್ತಿತ್ತು. ಉಳಿದವು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಇಳಿಯುತ್ತಿದ್ದವು. ಇದು ನಮ್ಮೂರಿನವರ ಚಾಳಿ ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಮಗ ಹೇಳಿದ, ಜಾರ್ಜ್ ಜಿಪ್ಫ್ ಎಂಬ ಅಮೆರಿಕದ ಭಾಷಾ ವಿದ್ವಾಂಸ ಪುಸ್ತಕಗಳ ಪದ ಎಣಿಸಿ ಇದನ್ನೇ ಕಂಡಿದ್ದನಂತೆ. ಮೊದಲ ಸ್ಥಾನದ ಪದ ಎಷ್ಟು ಸಲ ಬರುತ್ತದೋ ಎರಡನೆಯದು ಹೆಚ್ಚುಕಡಿಮೆ ಅದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು, ಹೀಗೆ ಇಳಿಯುತ್ತಾ ಹೋಗುತ್ತದೆ. 1999ರಲ್ಲಿ ಕೆಲವು ಸಂಶೋಧಕರು ಜನ ಕೇಳುವ ವೆಬ್ ಪುಟಗಳನ್ನು ಎಣಿಸಿದಾಗಲೂ ಇದೇ ಬಗೆಯ ಇಳಿಜಾರು ಸಿಕ್ಕಿತು. ದೊಡ್ಡಬಳ್ಳಾಪುರದವರ ಮೇಲೆ ನಾನು ಹೊರಿಸಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಈ ಮಗ ಈಗ ಇದೇ ಊರಿನಲ್ಲಿ ಮನೆಮನೆಗೆ ಫೈಬರ್ ಎಳೆದು ಇಂಟರ್‌ನೆಟ್ ಕೊಡುತ್ತಾನೆ. ಅವನ ಕಸುಬಿನಲ್ಲಿ ಕ್ಯಾಶಿಂಗ್ ಎಂಬುದೊಂದಿದೆ. ಜನ ಹೆಚ್ಚು ಕೇಳುವ ವಿಡಿಯೋವನ್ನು ಪ್ರತಿ ಸಲವೂ ದೂರದ ಮೂಲ ಕಂಪ್ಯೂಟರಿನಿಂದ ತರಿಸುತ್ತಾ ಕೂರದೆ, ದಾರಿಯ ನಡುವಿನ ಒಂದು ಪೆಟ್ಟಿಗೆಯಲ್ಲಿ ಪ್ರತಿ ಇಟ್ಟುಕೊಂಡು ಅಲ್ಲಿಂದಲೇ ಕೊಡುವುದು. ಎಲ್ಲ ಪೆಟ್ಟಿಗೆಗಳಲ್ಲೂ ಜಾಗಕ್ಕೆ ಒಂದು ಮಿತಿ. ಯಾವುದನ್ನು ಇಡಬೇಕು, ಯಾವ ಊರಿನ ಪೆಟ್ಟಿಗೆಯಲ್ಲಿ ಇಡಬೇಕು, ತುಂಬಿದಾಗ ಯಾವುದನ್ನು ಅಳಿಸಬೇಕು ಎಂಬುದರ ಮೇಲೆ ದೇಶವಿದೇಶಗಳಲ್ಲಿ ಜನ ಪಿಎಚ್‌ಡಿ ಮಾಡುತ್ತಾರಂತೆ. ‘ಇಷ್ಟಕ್ಕೆ ನಿನ್ನ ಎಂಜಿನಿಯರಿಂಗ್ ಫೀಸು ಕಟ್ಟಿದ್ನಾ’ ಎಂದೆ.

ಅಕ್ಕನ ಗಂಡ, ನಮ್ಮ ಭಾವ, ದೇವನಹಳ್ಳಿಯ ಕೋಟೆ ಹತ್ತಿರ ಇಂಥದ್ದೇ ಅಂಗಡಿ ಇಟ್ಟಿದ್ದರು. ವ್ಯಾಪಾರದಲ್ಲಿ ನನಗಿಂತ ಗಟ್ಟಿಗರು. ಒಂದು ಸಂಜೆ ಅವರು ನನ್ನ ಅಂಗಡಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾಗ ಹೈಸ್ಕೂಲು ಮೇಷ್ಟರೊಬ್ಬರು ಬಂದು ಯಾವುದೋ ಬಂಗಾಳಿ ಸಿನಿಮಾ ಕೇಳಿದರು. ನಾನು ಉಬ್ಬಿಹೋಗಿ ‘ನಾಳೆನೇ ತರಿಸ್ತೀನಿ ಸಾರ್’ ಎಂದೆ. ಮೇಷ್ಟರು ಬೀದಿ ತಿರುಗುವ ತನಕ ಸುಮ್ಮನಿದ್ದ ಭಾವ ‘ಒಬ್ರು ಕೇಳಿದ್ರೆ ಬರ್ಕೋ, ಇಬ್ರು ಕೇಳಿದ್ರೆ ತರೋಣ’ ಎಂದರು. ಅಂದಿನಿಂದ ಗೋಡೆಯ ಮೊಳೆಗೆ ಒಂದು ರಟ್ಟು ನೇತುಬಿದ್ದಿತು. ಯಾರಾದರೂ ಇಲ್ಲದ ಸಿನಿಮಾ ಕೇಳಿದರೆ ಹೆಸರು ಬರೆದು ಮುಂದೆ ಒಂದು ಗೀಟು. ಎರಡನೆಯ ಗೀಟು ಬಿದ್ದರೆ ಮಾತ್ರ ಗಾಂಧಿನಗರ. ರಟ್ಟಿನ ತುಂಬ ಒಂಟಿ ಗೀಟುಗಳೇ ಉಳಿದವು. 1998ರಲ್ಲಿ ಅಮೆರಿಕದ ಎಂಐಟಿಯ ಗಣಿತದ ಪ್ರಾಧ್ಯಾಪಕ ಟಾಮ್ ಲೈಟನ್, ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಸೇರಿ ಅಕಮೈ ಎಂಬ ಕಂಪನಿ ಕಟ್ಟಿದರು. ಲೋಕದ ಊರೂರಿನಲ್ಲಿ ಪೆಟ್ಟಿಗೆ ಇಟ್ಟು ಬೇರೆಯವರ ವೆಬ್ ಸರಕನ್ನು ಹತ್ತಿರದಿಂದ ಒದಗಿಸುವುದೇ ಅದರ ಕಸುಬು. ತಮ್ಮ ಪೆಟ್ಟಿಗೆಗಳ ಲೆಕ್ಕ ತೆಗೆದು ನೋಡಿದಾಗ, ಕೇಳಿಬಂದ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲನ್ನು ಒಂದೇ ಒಂದು ಸಲ ಕೇಳಲಾಗಿತ್ತು ಎಂದು 2015ರಲ್ಲಿ ಆ ಕಂಪನಿಯವರು ಬರೆದರು. ಹಾಗಾಗಿ ಎರಡನೆಯ ಸಲ ಕೇಳಿದಾಗ ಮಾತ್ರ ಡಿಸ್ಕಿಗೆ ಬರೆದುಕೊಳ್ಳುವ ನಿಯಮ ಮಾಡಿಕೊಂಡರು. ಮಗ ಇದನ್ನು ಓದಿ ಹೇಳಿದಾಗ ಭಾವ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದಿದ್ದರೆ ಅಕಮೈಯವರಿಂದ ಕಮಿಷನ್ ಕೇಳುತ್ತಿದ್ದರು.

ಎರಡು ವರ್ಷದಲ್ಲಿ ನಾವು ತೂಬಗೆರೆ, ಸಾಸಲು, ವಿಜಯಪುರದಲ್ಲಿ ಒಂದೊಂದು ಕಿರು ಅಂಗಡಿ ಮಾಡಿದೆವು. ಅಂಗಡಿ ಎಂದರೆ ಟೀ ಅಂಗಡಿಯ ಮೂಲೆಯಲ್ಲಿ ಬೀಗ ಹಾಕುವ ಒಂದು ತಗಡಿನ ಟ್ರಂಕು, ಅದರಲ್ಲಿ ಇಪ್ಪತ್ತು ಕ್ಯಾಸೆಟ್ಟು, ಬಂದ ಬಾಡಿಗೆಯಲ್ಲಿ ಟೀ ಅಂಗಡಿಯವರಿಗೆ ಕಾಲು ಪಾಲು. ಆ ಇಪ್ಪತ್ತು ಯಾವುವು ಎಂಬುದಕ್ಕೆ ಭಾವನಿಗೂ ನನಗೂ ದೊಡ್ಡ ಜಟಾಪಟಿ. ಹೆಚ್ಚು ಓಡುವ ಇಪ್ಪತ್ತನ್ನೇ ಎಲ್ಲ ಟ್ರಂಕಿಗೂ ಹಾಕೋಣ, ಬಂದ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂದು ನಾನು. ಹಾಗೆ ಮಾಡಿದರೆ ಮೂರು ಟ್ರಂಕಿದ್ದೂ ಒಂದೇ ಟ್ರಂಕು ಇದ್ದಂತೆ, ಇಪ್ಪತ್ತೊಂದನೆಯದನ್ನು ಕೇಳಿದವನಿಗೆ ಎಲ್ಲ ಕಡೆಯೂ ಇಲ್ಲ ಎನ್ನಬೇಕಾಗುತ್ತದೆ. ಒಂದೊಂದು ಊರಿಗೆ ಬೇರೆ ಬೇರೆ ಹಾಕಿ ಬೇಕಾದಾಗ ಬದಲಾಯಿಸಿಕೊಳ್ಳೋಣ ಎಂದು ಅವರು. ಅವರ ಮಾತಿನಂತೆ ಮಾಡಿದ ವಾರ ಸಾಸಲಿನವರು ‘ಪ್ರೇಮಲೋಕ’ಕ್ಕಾಗಿ ಬಸ್ಸು ಕಾಯುತ್ತಾ ಕೂತು ನಮಗಿಬ್ಬರಿಗೂ ಬೈದರು. ಕೊನೆಗೆ ಅಕ್ಕ ಪಂಚಾಯಿತಿ ಮಾಡಿದಳು. ಹತ್ತು ಎಲ್ಲ ಕಡೆಯೂ ಅವೇ, ಉಳಿದ ಹತ್ತು ಊರಿಗೊಂದು ಬಗೆ, ಅಪರೂಪದ್ದಕ್ಕೆ ದೊಡ್ಡಬಳ್ಳಾಪುರದ ಕಪಾಟಿನಲ್ಲಿ ಒಂದೇ ಪ್ರತಿ. ಈಗಿನ ಜಾಲಗಳಲ್ಲೂ ಹೆಚ್ಚುಕಡಿಮೆ ಇದೇ ಹಂಚಿಕೆ. ಹತ್ತು ಎಷ್ಟಿರಬೇಕು, ಮಿಕ್ಕಿದ್ದು ಎಷ್ಟಿರಬೇಕು ಎಂಬುದಕ್ಕೆ ಮಾತ್ರ ಅಕ್ಕನ ಜಾಗದಲ್ಲಿ ಗಣಿತ ಕೂತಿದೆ.

ಅಪರೂಪದ ಕ್ಯಾಸೆಟ್ಟು ಊರಿಂದೂರಿಗೆ ಹೋಗುತ್ತಿದ್ದುದು ನೈಟ್ ಹಾಲ್ಟ್ ಬಸ್ಸಿನಲ್ಲಿ. ಸಂಜೆಯ ಕೊನೆ ಬಸ್ಸು ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಮೊದಲ ಟ್ರಿಪ್ಪಿಗೆ ವಾಪಸು ಬರುತ್ತಿತ್ತು. ರೆಕ್ಸಿನ್ ಚೀಲ ಒಯ್ದು ತರಲು ಕಂಡಕ್ಟರಿಗೆ ಎರಡು ರೂಪಾಯಿ, ಒಂದು ಕಾಫಿ. ತೂಬಗೆರೆಯವರು ಕೇಳಿದ್ದನ್ನು ತೂಬಗೆರೆಯ ಟ್ರಂಕಿನಲ್ಲೇ ಬಿಡಬಾರದು, ಮರುದಿನ ವಾಪಸು ತರಿಸಿಕೊಳ್ಳಬೇಕು ಎಂಬುದು ನಮ್ಮ ಕಟ್ಟಳೆ. ಗಾಂಧಿನಗರದಿಂದ ಬಂದದ್ದು ಮೊದಲು ದೊಡ್ಡಬಳ್ಳಾಪುರದ ಕಪಾಟಿನಲ್ಲಿ ನಿಲ್ಲುತ್ತಿತ್ತು. ಹಳ್ಳಿಯವರು ಮತ್ತೆ ಕೇಳಿದರೆ ಆಗ ಹಳ್ಳಿಯ ಟ್ರಂಕಿಗೆ ಬಡ್ತಿ. ಒಂದು ಸಲ ಕೇಳಿದ್ದಕ್ಕೆ ಒಂದೇ ಮೆಟ್ಟಿಲು ಕೆಳಗಿಳಿಸುವ ಈ ಪದ್ಧತಿಯನ್ನೂ ಕಂಪ್ಯೂಟರಿನವರು ಬಳಸುತ್ತಾರಂತೆ. ದಾರಿಯ ಎಲ್ಲ ಪೆಟ್ಟಿಗೆಗಳಲ್ಲೂ ಪ್ರತಿ ಬಿಡುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ಕಡೆ ಮೇಲು ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ನಮಗೆ ಲೆಕ್ಕ ಗೊತ್ತಿರಲಿಲ್ಲ, ಟ್ರಂಕು ಚಿಕ್ಕದು ಎಂಬುದು ಗೊತ್ತಿತ್ತು.

ಈ ಕಟ್ಟಳೆಗೆ ಮೂಲ ಅಜ್ಜಿಯ ರಾಗಿ ಇರಬಹುದು ಎಂದು ಈಚೆಗೆ ಅನ್ನಿಸಿತು. ನಮ್ಮ ತಾಯಿಯ ತವರಿನಲ್ಲಿ ರಾಗಿ ಇಡುತ್ತಿದ್ದುದು ಹಗೇವಿನಲ್ಲಿ. ನೆಲದಲ್ಲಿ ಆಳುದ್ದ ತೋಡಿದ ಗುಂಡಿ, ಒಬ್ಬರು ಇಳಿಯುವಷ್ಟು ಬಾಯಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವುದು ಮಾತ್ರ ಒಂದು ಹಬ್ಬದಷ್ಟು ಕೆಲಸ. ಚಪ್ಪಡಿ ಸರಿಸಿ ಕೆಟ್ಟ ಗಾಳಿ ಹೋಗಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯುವಂತಿರಲಿಲ್ಲ. ಹಾಗಾಗಿ ಒಮ್ಮೆ ತೆಗೆದರೆ ಎರಡು ಮೂರು ತಿಂಗಳಿನದು ಮೇಲೆ ಬಂದು ಗುಡಾಣ ಸೇರುತ್ತಿತ್ತು, ಗುಡಾಣದಿಂದ ವಾರಕ್ಕಾಗುವಷ್ಟು ಬೀಸುವ ಕಲ್ಲಿನ ಪಕ್ಕದ ಕುಕ್ಕೆಗೆ. ಮಳೆಗಾಲಕ್ಕೆ ಮುಂಚೆ, ನೆಂಟರು ಬರುವ ಊರಹಬ್ಬಕ್ಕೆ ಮುಂಚೆ ಎಷ್ಟು ಸೇರು ಮೇಲೆ ಬರಬೇಕೆಂದು ಅಜ್ಜಿ ಅಡುಗೆಮನೆಯಲ್ಲಿ ಕೂತೇ ಹೇಳುತ್ತಿದ್ದಳು. ಹಗೇವಿನ ರಾಗಿಗೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು. ಆ ಮುದ್ದೆ ಉಂಡವರು ಈಗ ಅದರ ರುಚಿ ಹೊಗಳುತ್ತಾರೆ. ಆಗ ನಾವು ಮಕ್ಕಳು ಮೂಗು ಮುಚ್ಚಿಕೊಂಡೇ ನುಂಗುತ್ತಿದ್ದೆವು.

ಕಪಾಟಿನಿಂದ ಯಾವುದನ್ನು ತೆ‌ಗೆಯಬೇಕು ಎಂಬುದಕ್ಕೆ ನಾನು ಮೊದಲು ಇಟ್ಟುಕೊಂಡಿದ್ದ ಸೂತ್ರ ಸರಳ: ಬಹಳ ದಿನದಿಂದ ಯಾರೂ ಮುಟ್ಟದ್ದು ಹೊರಗೆ. ಈಗಲೂ ಬಹಳಷ್ಟು ಕಂಪ್ಯೂಟರುಗಳು ಮಾಡುವುದು ಅದನ್ನೇ. ಆದರೆ ‘ಬೇಡರ ಕಣ್ಣಪ್ಪ’, ‘ಭಕ್ತ ಸಿರಿಯಾಳ’ ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಧೂಳು ತಿಂದು, ಶಿವರಾತ್ರಿಯ ಜಾಗರಣೆಗೆ ಮಾತ್ರ ಏಳುತ್ತಿದ್ದವು. ಆ ರಾತ್ರಿ ಬೀದಿಗೊಂದು ಟಿವಿ, ಬೆಳಗಿನ ತನಕ ಸಿನಿಮಾ. ಅವುಗಳಿಗೆ ಸೂತ್ರ ಹಾಕಿದರೆ ಯುಗಾದಿಯ ಒಳಗೆ ಮಾರಿಬಿಡಬೇಕಿತ್ತು. ಹಾಗಾಗಿ ಕಪಾಟಿನ ಬಾಗಿಲ ಒಳಮೈಗೆ ಒಂಟಿಕೊಪ್ಪಲ್ ಪಂಚಾಂಗ ತೂಗುಹಾಕಿದೆ. ಶಿವರಾತ್ರಿ, ವೈಕುಂಠ ಏಕಾದಶಿ, ಗಣಪತಿ ಹಬ್ಬ, ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯದ ಜಾತ್ರೆ. ಘಾಟಿಯ ದನಗಳ ಜಾತ್ರೆಗೆ ಬರುವವರು ರಾತ್ರಿ ಹೊತ್ತು ಹೋಗದೆ ನಮ್ಮ ಗಿರಾಕಿಗಳಾಗುತ್ತಿದ್ದರು. ಅವರಿಗೆ ಬೇಕಾದದ್ದು ರಾಜಕುಮಾರರ ಹೊಡೆದಾಟದ ಚಿತ್ರಗಳು, ಅವು ಮುಂಚೆಯೇ ತೂಬಗೆರೆ ಸೇರಿರುತ್ತಿದ್ದವು. 1966ರಲ್ಲಿ ಐಬಿಎಂನಲ್ಲಿದ್ದ ಬೆಲಾಡಿ ಎಂಬ ಹಂಗೇರಿಯವರು, ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಮೊದಲು ತೆಗೆದುಹಾಕುವುದೇ ಸರ್ವೋತ್ತಮ ಎಂದು ತೋರಿಸಿಕೊಟ್ಟರು. ಮುಂದಿನದು ತಿಳಿದಿದ್ದರೆ ತಾನೇ? ಕಂಪ್ಯೂಟರಿಗೆ ತಿಳಿಯದು, ಅದಕ್ಕೇ ಅದು ಅಳತೆಗೋಲಾಗಿ ಮಾತ್ರ ಉಳಿಯಿತು. ನನಗೆ ನಾಲ್ಕು ಹಬ್ಬದ ಮಟ್ಟಿಗಾದರೂ ತಿಳಿದಿತ್ತು, ಪಂಚಾಂಗದ ಬೆಲೆಗೆ.

ಪಂಚಾಂಗದಲ್ಲಿ ಇಲ್ಲದ ದಿನಗಳೂ ಬಂದವು. 1990ರ ಸೆಪ್ಟೆಂಬರ್ 30, ಭಾನುವಾರ. ದಾವಣಗೆರೆ ಹತ್ತಿರ ಅಪಘಾತದಲ್ಲಿ ಶಂಕರ್ ನಾಗ್ ಹೋದರೆಂಬ ಸುದ್ದಿ ಬಂದ ಮೇಲೆ ಅಂಗಡಿ ಮುಂದೆ ಆಟೋಗಳು ನಿಂತವು. ‘ಆಟೋ ರಾಜ’, ‘ಗೀತಾ’, ‘ಮಿಂಚಿನ ಓಟ’, ‘ಸಾಂಗ್ಲಿಯಾನ’ ಎಲ್ಲವೂ ಒಂದೊಂದೇ ಪ್ರತಿ. ಮರುದಿನ ಗಾಂಧಿನಗರಕ್ಕೆ ಓಡಿದೆ. ನೂರೈವತ್ತರ ಕ್ಯಾಸೆಟ್ಟಿಗೆ ಮುನ್ನೂರು ಹೇಳುತ್ತಿದ್ದರು, ಕೊಟ್ಟು ತಂದೆ. ನಾನು ಬಾಡಿಗೆ ಏರಿಸಲಿಲ್ಲ ಎಂದು ಆಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಏರಿಸಿದ್ದರೆ ಆಟೋದವರು ಅಂಗಡಿ ಉಳಿಸುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೇಡಿಕೆ ಇಳಿಯಿತು, ಎರಡನೆಯ ಪ್ರತಿಗಳು ಕಪಾಟಿನಲ್ಲಿ ಕೂತವು.

ಕಪಾಟಿನ ಕಾಲ ಮುಗಿದದ್ದು ಡಿಶ್ಶಿನಿಂದ. 1992ರಲ್ಲಿ ಮನೆಯ ತಾರಸಿ ಮೇಲೆ ಹನ್ನೆರಡು ಅಡಿಯ ಡಿಶ್ ಏರಿಸಿ ಬೀದಿಬೀದಿಗೆ ಕೇಬಲ್ ಎಳೆದೆ, ತಿಂಗಳಿಗೆ ಐವತ್ತು ರೂಪಾಯಿ. 1994ರ ಜೂನ್‌ನಲ್ಲಿ ಉದಯ ಟಿವಿ ಶುರುವಾದ ಮೇಲೆ ಜನರೇ ಮನೆ ಬಾಗಿಲಿಗೆ ಬಂದು ಕನೆಕ್ಷನ್ ಕೇಳಿದರು. 1995ರ ಕಾಯಿದೆ ಬಂದಾಗ ಕೇಬಲ್ಲಿನವರು ನೋಂದಾಯಿಸಿಕೊಳ್ಳಬೇಕಾದದ್ದು ಹೆಡ್ ಪೋಸ್ಟಾಫೀಸಿನಲ್ಲಿ. ಮನಿಯಾರ್ಡರು ಕಳಿಸುವವರ ಸಾಲಿನಲ್ಲಿ ನಿಂತು ಟಿವಿಯ ಲೈಸೆನ್ಸು ಪಡೆದೆ. ರಾತ್ರಿ ಒಂಬತ್ತೂವರೆಗೆ ನಮ್ಮದೇ ಚಾನೆಲ್ಲಿನಲ್ಲಿ ಒಂದು ಸಿನಿಮಾ. ಒಂದೇ ವಿಸಿಪಿ, ಒಂದೇ ಕ್ಯಾಸೆಟ್ಟು, ಇಡೀ ಊರಿಗೆ ಸಾಕು. ಯಾರಿಗೆ ಏನು ಬೇಕೆಂದು ಗೀಟು ಹಾಕುವ ಕಷ್ಟ ತಪ್ಪಿತು. ನಾನು ಹಾಕಿದ್ದನ್ನು ಅವರು ನೋಡುತ್ತಿದ್ದರು, ಮಗ್ಗ ನಿಲ್ಲಿಸಿ ನೋಡುತ್ತಿದ್ದರು. ಒಂದು ರಾತ್ರಿ ಕ್ಯಾಸೆಟ್ಟು ಸಿಕ್ಕಿಕೊಂಡಾಗ ಫೋನು ಮಾಡಿದವರ ಮೊದಲ ಮಾತು ‘ಯಾಕಣ್ಣ, ಮಲಗ್ಬಿಟ್ಟಾ?’ ನಾನು ನಿಜವಾಗಿಯೂ ಮಲಗಿದ್ದೆ.

ಆಮೇಲೆ ಸಿ.ಡಿ. ಬಂತು, ಹೋಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಅದಕ್ಕಿಂತ ಮಜವಾದದ್ದು ಮೆಮೊರಿ ಕಾರ್ಡಿನ ಕಾಲ. ಅಂಗಡಿಯ ಬೋರ್ಡಿನ ಮೇಲೆ ಡೌನ್‌ಲೋಡಿಂಗ್ ಎಂಬ ಸ್ಟಿಕ್ಕರ್ ಬಿತ್ತು, ಕಪಾಟಿನ ಜಾಗಕ್ಕೆ ಐನೂರು ಜಿಬಿ ಹಾರ್ಡ್ ಡಿಸ್ಕಿನ ಕಂಪ್ಯೂಟರ್ ಬಂತು. ಒಂದು ಜಿಬಿ ಕಾರ್ಡು ತುಂಬಿಸಲು ಹತ್ತು ರೂಪಾಯಿ, ಎರಡು ಜಿಬಿಗೆ ಇಪ್ಪತ್ತು. ಬಟವಾಡೆಯ ದಿನ ಮಗ್ಗದ ಹುಡುಗರು ‘ಮುಂಗಾರು ಮಳೆ’ ಹಾಕಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು. ಅದೇ ಹೊತ್ತಿಗೆ ದೇವನಹಳ್ಳಿಯಲ್ಲಿ ಬೇರೆಯೇ ಕತೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಗಿತ್ತು, ಸುತ್ತಲ ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾದಿಂದ ಬಂದವರು ಭಾವನ ಅಂಗಡಿಯಲ್ಲಿ ಭೋಜಪುರಿ ಹಾಡು ಕೇಳುತ್ತಿದ್ದರು. ಭಾವ ಒಂದಕ್ಷರ ಅರ್ಥವಾಗದಿದ್ದರೂ ಎರಡನೆಯ ಗೀಟು ಬಿದ್ದ ದಿನವೇ ಆ ಫೋಲ್ಡರ್ ಮಾಡಿದರು. ಮೂರು ತಿಂಗಳಲ್ಲಿ ರಾಜಕುಮಾರರ ಫೋಲ್ಡರನ್ನು ಅದು ಹಿಂದೆ ಹಾಕಿತು. ಇಪ್ಪತ್ತು ಕಿಲೋಮೀಟರ್ ಈಚೆಗೆ ನನ್ನ ಡಿಸ್ಕಿನಲ್ಲಿ ಅದನ್ನು ಒಬ್ಬರೂ ಮುಟ್ಟಲಿಲ್ಲ.

ಆ ಡಿಸ್ಕು ತುಂಬುತ್ತಿದ್ದುದು ರಾತ್ರಿ. ಬಿಎಸ್‌ಎನ್‌ಎಲ್ಲಿನ ಐನೂರು ರೂಪಾಯಿ ಪ್ಲ್ಯಾನಿನಲ್ಲಿ ಹಗಲು ಅಳೆದು ಕೊಡುತ್ತಿದ್ದರು, ರಾತ್ರಿ ಎರಡರಿಂದ ಬೆಳಗ್ಗೆ ಎಂಟರ ತನಕ ಲೆಕ್ಕವಿಲ್ಲ. ಎರಡಕ್ಕೆ ಅಲಾರಂ ಇಟ್ಟು ಎದ್ದು, ಸಂಜೆ ಬರೆದಿಟ್ಟ ಪಟ್ಟಿ ನೋಡಿ ಡೌನ್‌ಲೋಡಿಗೆ ಹಾಕಿ ಮತ್ತೆ ಮಲಗುತ್ತಿದ್ದೆ. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಎದ್ದಿರುತ್ತಿದ್ದವರು ನಾನು, ಹಾಲಿನ ವ್ಯಾನಿನವನು, ರಾತ್ರಿ ಪಾಳಿಯ ಮಗ್ಗಗಳು. ನೆಟ್‌ಫ್ಲಿಕ್ಸಿನವರೂ ಹೀಗೇ ಮಾಡುತ್ತಾರೆಂದು ಮಗನಿಂದ ತಿಳಿಯಿತು. ಅವರು ಇಂಟರ್‌ನೆಟ್ ಕಂಪನಿಗಳಿಗೆ ತಮ್ಮ ಪೆಟ್ಟಿಗೆಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ. ಯಾವ ಊರಿನಲ್ಲಿ ನಾಳೆ ಏನು ಓಡೀತೆಂದು ಇವತ್ತೇ ಅಂದಾಜು ಹಾಕಿ, ಜನ ಮಲಗಿ ದಾರಿ ಖಾಲಿ ಇರುವ ಹೊತ್ತಿನಲ್ಲಿ ಅವನ್ನು ತುಂಬಿಸುತ್ತಾರೆ. ಅಲಾರಂ ಮಾತ್ರ ಬೇಕಿಲ್ಲ.

ಮಗ ಕೇಬಲ್ ಕಿತ್ತು ಫೈಬರ್ ಹಾಕಿದ ಹೊಸತರಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ಸ್ಕ್ವಿಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ತನ್ನದೇ ಕ್ಯಾಶ್ ಮಾಡಿದ್ದ. ಊರಿನವರು ನೋಡಿದ್ದು ಅದರಲ್ಲಿ ಉಳಿಯುತ್ತಿತ್ತು, ಮತ್ತೊಬ್ಬರು ಕೇಳಿದರೆ ಅಲ್ಲಿಂದಲೇ ಹೋಗುತ್ತಿತ್ತು. ನನ್ನ ಖಾತೆ ಪುಸ್ತಕ ವಾಪಸು ಬಂದಂತಾಗಿ ನಾನೂ ದಿನಾ ಪಟ್ಟಿ ನೋಡುತ್ತಿದ್ದೆ. ಅದು ಬಹಳ ಕಾಲ ನಡೆಯಲಿಲ್ಲ. 2016ರ ಹೊತ್ತಿಗೆ ಯೂಟ್ಯೂಬಿನದು ಹೆಚ್ಚುಕಡಿಮೆ ಎಲ್ಲವೂ ಗೂಢಲಿಪಿಯಲ್ಲಿ ಬರತೊಡಗಿತು. ನಡುವೆ ಕೂತವರಿಗೆ ಒಳಗೇನಿದೆ ಎಂದು ಕಾಣದು, ಕಾಣದ್ದನ್ನು ಇಟ್ಟುಕೊಂಡು ಇನ್ನೊಬ್ಬರಿಗೆ ಕೊಡಲಾಗದು. ಸ್ಕ್ವಿಡ್ ಪೆಟ್ಟಿಗೆ ಬಿಸಿಯಾಗುತ್ತಾ ಸುಮ್ಮನೆ ಕೂತಿತು. ಈಗಿರುವುದು ಗೂಗಲ್ಲಿನದು, ನೆಟ್‌ಫ್ಲಿಕ್ಸಿನದು, ಅವರವರದೇ ಬೀಗ ಹಾಕಿದ ಪೆಟ್ಟಿಗೆಗಳು. ನಮಗೆ ಬೇಕಾದದ್ದು ಕುಳಿತಿರುವುದು ಬೆಂಗಳೂರಿನಲ್ಲಿ, ಮಗ ಲೈನು ಕೊಳ್ಳುವ ದೊಡ್ಡ ಕಂಪನಿಯ ಕೋಣೆಯಲ್ಲಿ. ಸಿನಿಮಾ ಇಷ್ಟು ಹತ್ತಿರ ಎಂದೂ ಇರಲಿಲ್ಲ. ಯಾವುದು ಹತ್ತಿರ ಇರಬೇಕು ಎಂಬ ತೀರ್ಮಾನ ಮಾತ್ರ ಊರು ಬಿಟ್ಟು, ದೇಶ ಬಿಟ್ಟು ಹೋಯಿತು. ನನಗದರಲ್ಲಿ ದೂರೇನಿಲ್ಲ. ನನ್ನ ರಟ್ಟಿಗಿಂತ ಅವರ ಲೆಕ್ಕ ಚೊಕ್ಕವಾಗಿದೆ, ಮೇಷ್ಟರಿಗೆ ಬಂಗಾಳಿ ಸಿನಿಮಾ ಕೂಡ ಅರೆಕ್ಷಣದಲ್ಲಿ ಸಿಗುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ತೀರಿಕೊಂಡಾಗ ನಾನು ಹಳೆಯ ಅಭ್ಯಾಸದಲ್ಲಿ ‘ಲೈನು ತಡೀತದೇನೋ’ ಎಂದು ಮಗನನ್ನು ಕೇಳಿದೆ. ಅವನು ಪರದೆ ತಿರುಗಿಸಿ ತೋರಿಸಿದ. ಗೆರೆ ಒಂದಿಷ್ಟು ಏರಿತ್ತು, ಅಷ್ಟೆ. ಯಾರೂ ಗಾಂಧಿನಗರಕ್ಕೆ ಓಡಬೇಕಾಗಲಿಲ್ಲ, ಮುನ್ನೂರು ಕೊಡಬೇಕಾಗಲಿಲ್ಲ. ಮೊದಲ ಕೆಲವರು ಕೇಳಿದೊಡನೆ ಅವರ ಚಿತ್ರಗಳ ಪ್ರತಿ ಹತ್ತಿರ ಬಂದು ಕೂತಿತ್ತು. ಅವನು ಬೆವರುವುದು ಕ್ರಿಕೆಟ್ಟಿಗೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು. ಇನ್ನೂ ಆಡದ ಓವರನ್ನು ಹಿಂದಿನ ರಾತ್ರಿ ತುಂಬಿಸಿಡಲು ಬರುವುದಿಲ್ಲ. ಒಂದೊಂದು ಪೆಟ್ಟಿಗೆಯೂ ಮೇಲಿನಿಂದ ಒಂದೇ ಪ್ರತಿ ಪಡೆದು ಸಾವಿರಾರು ಮನೆಗೆ ಆ ಕ್ಷಣವೇ ಹಂಚಬೇಕು. ‘ಒಂದು ಡಿಶ್ಶು, ಊರೆಲ್ಲ ಕೇಬಲ್ಲು’ ಎಂದೆ. ಅವನು ಅದಕ್ಕೇನೂ ಹೇಳಲಿಲ್ಲ, ರೋಹಿತ್ ಶರ್ಮಾ ಔಟಾಗಿದ್ದ.

ಮೊನ್ನೆ ಹಳೆಯ ಗಿರಾಕಿಯೊಬ್ಬರ ಸೊಸೆ ಬಿಲ್ಲು ಕಟ್ಟಲು ಬಂದಿದ್ದಳು. ಮಗ ಊರಲ್ಲಿರಲಿಲ್ಲ, ಕೌಂಟರಿನಲ್ಲಿ ನಾನೇ ಕೂತಿದ್ದೆ. 499ರ ಪ್ಲ್ಯಾನು, ತೆರಿಗೆ ಸೇರಿ 589 ರೂಪಾಯಿ. ಚಿಲ್ಲರೆ ತೆಗೆದುಕೊಂಡ ಮೇಲೂ ಅವಳು ಹೋಗದೆ ದನಿ ತಗ್ಗಿಸಿ ಕೇಳಿದಳು: ‘ದೊಡ್ಡಪ್ಪ, ನಮ್ ಹುಡುಗ ರಾತ್ರಿ ಎರಡು ಗಂಟೆ ತನಕ ಫೋನು ಹಿಡ್ಕಂಡು ಕೂತಿರ್ತಾನೆ. ಏನ್ ನೋಡ್ತಾನೆ ಅಂತ ನಿಮ್ಮ ಕಂಪ್ಯೂಟ್ರಲ್ಲಿ ಗೊತ್ತಾಯ್ತದಲ್ವಾ?’ ಅವಳ ಮಾವ 1988ರಲ್ಲಿ ಏನೇನು ಒಯ್ಯುತ್ತಿದ್ದರು, ಮನೆಯವರಿಗೆ ಏನೆಂದು ಹೇಳಿ ಒಯ್ಯುತ್ತಿದ್ದರು ಎಂಬುದು ಖಾತೆ ಪುಸ್ತಕ ತೆರೆಯದೆಯೂ ನನಗೆ ನೆನಪಿತ್ತು. ಹೇಳಲಿಲ್ಲ. ಮಗ ಕಲಿಸಿಕೊಟ್ಟಂತೆ ಅವರ ನಂಬರ್ ಒತ್ತಿದೆ. ಪರದೆಯ ಮೇಲೆ ಒಂದು ಅಂಕಿ ಬಂತು, ಅದನ್ನೇ ಓದಿದೆ.

‘ಈ ತಿಂಗಳು ಮುನ್ನೂರ ಹನ್ನೆರಡು ಜಿಬಿ ನೋಡವ್ನೆ ಕಣಮ್ಮ.’

ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಅದು ಯಾವ ಭಾಷೆ ಸಿನ್ಮಾ?’ ಎಂದಳು.